ಸುಣ್ಣದ ಬೊಟ್ಟಿನ ಕಲ್ಲಂಗಡಿ

ಅಡುಗೆಮನೆಯ ಕಟ್ಟೆಯ ಮೇಲೆ ಎರಡು ದಿನದಿಂದ ಕೂತಿದ್ದ ಕಲ್ಲಂಗಡಿ ಇವತ್ತು ಬೆಳಿಗ್ಗೆ ನಾರತೊಡಗಿತು. ಹುಳಿ ಹೆಂಡದಂಥ ವಾಸನೆ. ತಿರುಗಿಸಿ ನೋಡಿದರೆ ಹೊಟ್ಟೆಯಲ್ಲಿ ಮೂರು ಮೂಲೆಯ ಗಾಯ, ಅದರ ಅಂಚಿನಲ್ಲಿ ನೊರೆ, ನೊರೆಯ ಮೇಲೆ ಗುಂಗಾಡು ನೊಣ. ಯಾದಗಿರಿ ಸ್ಟೇಷನ್ ರಸ್ತೆಯ ಬಂಡಿಯವನು ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಚಾಕು ಚುಚ್ಚಿ, ಕೆಂಪು ಚಕ್ಕೆಯೊಂದನ್ನು ಎತ್ತಿ ತೋರಿಸಿ, ಅದನ್ನೇ ಮತ್ತೆ ತೂತಿಗೆ ತುರುಕಿ ಕೊಟ್ಟಿದ್ದ. "ಕೊಯ್ಯದ ಹ್ಯಾಂಗ ಗೊತ್ತಾಗ್ತದ್ರಿ ಅಮ್ಮಾರ?" ಎಂದು ನನ್ನನ್ನೇ ಕೇಳಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ದುಡ್ಡು ಕೊಟ್ಟು ಹೊತ್ತು ತಂದೆ.

ಕೊಯ್ಯದೆ ಹೇಗೆ ಗೊತ್ತಾಗುತ್ತದೆ ಎಂದು ತೋರಿಸಬಲ್ಲವಳೊಬ್ಬಳು ನನ್ನ ಪಕ್ಕದ ಮನೆಯಲ್ಲೇ ಹನ್ನೊಂದು ವರ್ಷ ಇದ್ದಳು. ಅವಳು ನನ್ನ ತಲೆ ತಿಂದಷ್ಟು ಬೇರೆ ಯಾರೂ ತಿಂದಿಲ್ಲ. ಊರಿಗೆಲ್ಲ ಅವಳು ಆಯಿ. ಸಿಟ್ಟು ಬಂದಾಗ ನನಗೆ ಮಾತ್ರ ಮುದುಕಿ.

ಆಗ ನಾವು ಕಕ್ಕೇರಾ ಕಡೆಯ ಒಂದು ಹಳ್ಳಿಯಲ್ಲಿದ್ದೆವು. ನಾನು ಅಲ್ಲಿನ ಶಾಲೆಯಲ್ಲಿ ಟೀಚರು. ನನ್ನ ಗಂಡ ಎರಡು ಎಕರೆ ಎರೆ ಮಣ್ಣಿನ ಹೊಲ ನೋಡಿಕೊಂಡಿದ್ದರು. ಕಾಲುವೆಗೆ ನೀರು ಬಂದು ಕೆಲವೇ ವರ್ಷ ಆಗಿತ್ತು. ಜೋಳ, ಶೇಂಗಾ ಬಿಟ್ಟು ಬೇರೇನೂ ಕಾಣದ ಹೊಲಗಳಲ್ಲಿ ಇದ್ದಕ್ಕಿದ್ದಂತೆ ಭತ್ತ ನಿಂತಿತ್ತು. ಎಲ್ಲರೂ ಭತ್ತ ಹಾಕುವಾಗ ನಾವು ಕಲ್ಲಂಗಡಿ ಹಾಕೋಣ ಎಂದು ಹಟ ಹಿಡಿದವಳು ನಾನು. ನನ್ನ ಗಂಡನಿಗೆ ಆ ಬೆಳೆಯ ಗಂಧ ಗಾಳಿ ಗೊತ್ತಿರಲಿಲ್ಲ. ಗೊತ್ತಿದ್ದವಳು ಆಯಿ. ಕಾಲುವೆ ಬರುವ ಮುಂಚೆ ಅವಳ ಮನೆಯವರು ಬೇಸಿಗೆಯಲ್ಲಿ ಕೃಷ್ಣೆಯ ಉಸುಕಿನಲ್ಲಿ ಗುಣಿ ತೋಡಿ, ಕುರಿ ಗೊಬ್ಬರ ತುಂಬಿ ಕಲ್ಲಂಗಡಿ ಬೆಳೆಯುತ್ತಿದ್ದರು. ಅಣೆಕಟ್ಟು ಬಂದ ಮೇಲೆ ಹೊಳೆಯ ನೀರು ಯಾವಾಗ ಏರುತ್ತದೋ ಯಾವಾಗ ಇಳಿಯುತ್ತದೋ ಹೇಳುವಂತಿರಲಿಲ್ಲ. ಉಸುಕಿನ ಬೇಸಾಯ ನಿಂತುಹೋಯಿತು. ಆಯಿಯ ಕೈಯಲ್ಲಿ ಆ ವಿದ್ಯೆ ಮಾತ್ರ ಉಳಿದಿತ್ತು. ಅದರ ಚಟವನ್ನು ನಮ್ಮ ಹೊಲದ ಮೇಲೆ ತೀರಿಸಿಕೊಂಡಳು ಎಂದೇ ನಾನು ಆಗ ಅಂದುಕೊಳ್ಳುತ್ತಿದ್ದೆ.

ಕಲ್ಲಂಗಡಿಯ ಒಂದು ತೊಂದರೆಯೆಂದರೆ ಬಳ್ಳಿಯಿಂದ ಬಿಡಿಸಿದ ಮೇಲೆ ಅದು ಮಾಗುವುದಿಲ್ಲ. ಮಾವಿನಂತೆ ಹುಲ್ಲಿನಲ್ಲಿ ಮುಚ್ಚಿಟ್ಟು ಕಾಯುವಂತಿಲ್ಲ. ಕಾಯಿದ್ದಾಗ ಹರಿದರೆ ಕಾಯಿಯಾಗಿಯೇ ಕೊಳೆಯುತ್ತದೆ. ಹೊರಗಿನ ಸಿಪ್ಪೆ ನೋಡಿದರೆ ಎಲ್ಲವೂ ಒಂದೇ ಹಸಿರು. ಆದ್ದರಿಂದ ಯಾವುದು ಹಣ್ಣು ಯಾವುದು ಕಾಯಿ ಎನ್ನುವುದನ್ನು ಹೊರಗಿನಿಂದಲೇ ಹೇಳಬಲ್ಲವರು ಬೇಕು. ಆಯಿ ಮೊದಲು ತೊಟ್ಟಿನ ಪಕ್ಕದ ಸುರುಳಿ ಕುಡಿ ಒಣಗಿದೆಯೇ ನೋಡುತ್ತಿದ್ದಳು. ಆಮೇಲೆ ಕಾಯಿಯನ್ನು ಮಗುವಿನ ತಲೆ ಹೊರಳಿಸಿದಷ್ಟು ಹಗುರಾಗಿ ಹೊರಳಿಸಿ, ನೆಲಕ್ಕೆ ತಾಗಿದ ಮಚ್ಚೆ ಇನ್ನೂ ಬಿಳಿಯೋ ಬೆಣ್ಣೆ ಬಣ್ಣಕ್ಕೆ ತಿರುಗಿದೆಯೋ ನೋಡುತ್ತಿದ್ದಳು. ಕೊನೆಗೆ ಎಡಗೈಯನ್ನು ಕಾಯಿಯ ಕೆಳಗೆ ಇಟ್ಟು, ಬಲಗೈಯ ನಡುಬೆರಳಿನಿಂದ ಮೇಲೆ ಎರಡು ಸಲ ಹೊಡೆದು, ಕಿವಿ ಹತ್ತಿರ ತರುತ್ತಿದ್ದಳು. ಠಣ್ ಎಂದರೆ ಕಾಯಿ. ಧಂ ಎಂದರೆ ಹಣ್ಣು. ಭದ್ ಎಂದರೆ ಕೆಟ್ಟಿತು. ಹಣ್ಣಾಗಿದ್ದಕ್ಕೆ ತನ್ನ ಎಲೆ-ಅಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಒಂದು ಬೊಟ್ಟು ಇಡುತ್ತಿದ್ದಳು.

ಕೇಳಲು ಸಲೀಸಾಗಿದೆ, ಅಲ್ಲವೇ? ಪಕ್ಕದಲ್ಲಿ ನಿಂತವರ ಪಾಡು ಬೇರೆ. ಅವಳು ಹೊಲಕ್ಕೆ ಕಾಲಿಟ್ಟರೆ ಎಲ್ಲರೂ ಬಾಯಿ ಮುಚ್ಚಬೇಕು. ಎತ್ತಿನ ಕೊರಳ ಗಂಟೆಗೆ ಚಿಂದಿ ತುರುಕಬೇಕು. ಪಕ್ಕದ ಹೊಲದವರ ರೇಡಿಯೋ ಬಂದ್ ಆಗಬೇಕು. ತನ್ನ ಬೆಳ್ಳಿ ಬಳೆಗಳನ್ನು ಮೊಣಕೈತನಕ ಏರಿಸಿ, ಸಪ್ಪಳವಾಗದಂತೆ ದಾರ ಸುತ್ತಿಕೊಂಡು, ನನಗೂ ಸುತ್ತಿಕೊಳ್ಳಲು ಹೇಳುತ್ತಿದ್ದಳು. ನನ್ನ ಕೈಯಲ್ಲಿದ್ದ ಎಂಟು ತಿಂಗಳ ಮಗಳನ್ನು ಒಮ್ಮೆ ಕಾಲುವೆಯ ಏರಿಯಾಚೆ ಕಳಿಸಿದ್ದಳು. ಒಂದು ಸಲ ನನಗೆ ಸೀನು ಬಂತು. ಅಷ್ಟಕ್ಕೇ ಅರ್ಧ ಮುಗಿಸಿದ್ದ ಸಾಲನ್ನು ಬಿಟ್ಟು ಮತ್ತೆ ಮೊದಲ ಕಾಯಿಗೆ ಹೋಗಿ ಕೂತಳು.

"ಅಕ್ಕೋರ, ನಿಮ್ಮ ಶಾಲ್ಯಾಗ ಮಕ್ಕಳಿಗಿ ಸುಮ್ಕಿರ್ರಿ ಅಂತೀರಿ. ನಿಮಗ ಯಾರ ಹೇಳ್ಬೇಕು?"

ಮಾಮೂಲಿಗೆ ಅವಳು ನನ್ನನ್ನು ಯವ್ವಾ ಎನ್ನುತ್ತಿದ್ದಳು. ಅಕ್ಕೋರ ಎಂದು ಬಹುವಚನ ಬಂತೆಂದರೆ ನಾನು ಏನೋ ತಪ್ಪು ಮಾಡಿದ್ದೇನೆ ಎಂದೇ ಅರ್ಥ. ಶಾಲೆಯ ಗಂಟೆಯ ಹೊತ್ತಾಗುತ್ತಿತ್ತು, ಬಿಸಿಲು ಏರುತ್ತಿತ್ತು, ನಾನು ಉಸಿರು ಹಿಡಿದುಕೊಂಡು ನಿಂತಿರುತ್ತಿದ್ದೆ. ಉಗುರು ಚುಚ್ಚಿ ನೋಡಲು ಹೋದ ನನ್ನ ಗಂಡನ ಕೈಯ ಮೇಲೆ ಅವಳು ಫಟ್ಟೆಂದು ಬಾರಿಸಿದ್ದೂ ಉಂಟು. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಇಷ್ಟಾದರೂ ಅವಳನ್ನು ಕರೆಯದೆ ಇರುವಂತಿರಲಿಲ್ಲ. ಅದಕ್ಕೆ ಕಾರಣ ಶಹಾಪುರದಿಂದ ಹಣ್ಣು ಒಯ್ಯಲು ಬರುತ್ತಿದ್ದ ಬಾಗವಾನ. ಬೇರೆ ಊರುಗಳ ಹೊಲಗಳಲ್ಲಿ ಅವನು ಪ್ರತಿ ರಾಶಿಯಲ್ಲೂ ಐದಾರು ಹಣ್ಣಿಗೆ ಚಾಕು ಹಾಕಿ, ಮೂರು ಮೂಲೆಯ ಚಕ್ಕೆ ತೆಗೆದು, ಬಣ್ಣ ನೋಡಿ ರುಚಿ ನೋಡಿ ಆಮೇಲೆ ಮಾತಾಡುತ್ತಿದ್ದ. ಚಾಕು ಬಿದ್ದ ಹಣ್ಣು ಎರಡು ದಿನದಲ್ಲಿ ಹುಳಿಯಾಗುತ್ತದೆ, ಪಕ್ಕದ್ದನ್ನೂ ಕೆಡಿಸುತ್ತದೆ. ಆಯಿ ಅದನ್ನು ಹಣ್ಣಿನ ಕಣ್ಣು ಕೀಳುವುದು ಎನ್ನುತ್ತಿದ್ದಳು. ಅವಳ ಸುಣ್ಣದ ಬೊಟ್ಟು ಕಂಡರೆ ಮಾತ್ರ ಬಾಗವಾನ ಚಾಕುವನ್ನು ಜೇಬಿನಿಂದ ಹೊರಗೇ ತೆಗೆಯುತ್ತಿರಲಿಲ್ಲ. "ಆಯಿ ಬೊಟ್ಟು ಅದ ಅಂದಮ್ಯಾಗ ನಂದೇನದ" ಎಂದು ಲಾರಿಗೆ ಏರಿಸುತ್ತಿದ್ದ. ಓದು ಬರಹ ಇಲ್ಲದ, ಹೆಬ್ಬೆಟ್ಟು ಒತ್ತುವ ಹೆಂಗಸಿನ ಮಾತಿಗೆ ಸಹಿ ಎಂದರೆ ಆ ಬೊಟ್ಟು. ಅವಳಿಗೆ ಗಂಡನಿರಲಿಲ್ಲ, ಹೊಲವೂ ಉಳಿದಿರಲಿಲ್ಲ. ನಾಲ್ಕು ಜನ ಎದ್ದು ಕೂರಲು ಜಾಗ ಕೊಡುತ್ತಿದ್ದುದು ಆ ಒಂದು ಬೊಟ್ಟಿಗಾಗಿ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರು ಬೇಸಿಗೆ ಹೀಗೇ ಕಳೆದವು. ನಮ್ಮನ್ನು ನೋಡಿ ಊರಿನ ಇನ್ನೂ ಕೆಲವರು ಕಲ್ಲಂಗಡಿ ಹಾಕಿ ಆಯಿಯನ್ನೇ ಕರೆಯತೊಡಗಿದರು. ನಾಲ್ಕನೆಯ ವರ್ಷ ಆಯಿ ಬದಲಾದಳು. ನಾನು ಗೋಡೆಯಾಚೆಯಿಂದ ಕರೆದರೆ ಓಗೊಡುತ್ತಿರಲಿಲ್ಲ. ಮುದುಕಿಗೆ ಸೊಕ್ಕು ಬಂದಿದೆ ಎಂದುಕೊಂಡೆ. ಮಾತು ಮೊದಲಿಗಿಂತ ಜೋರಾಯಿತು. ಮೊದಲೇನು ಮೆಲ್ಲಗಿತ್ತೇ ಎಂದು ಬಿಟ್ಟುಬಿಟ್ಟೆ. ಹಣ್ಣು ಬಿಡಿಸಲು ಇನ್ನೂ ಹತ್ತು ದಿನ ಇದೆ ಎನ್ನುವಾಗ ಹೊಲ ನೋಡಲು ಬಂದು, ಒಂದೇ ಒಂದು ಮಾತು ಹೇಳಿ ಹೋದಳು.

"ಇನ್ನ ನೀರ ಬಿಡಬ್ಯಾಡ್ರಿ. ಇದು ಉಸುಕಲ್ಲ, ಎರಿ. ಕುಡದ ನೀರ ಲಗೂನ ಬಿಡಂಗಿಲ್ಲ. ಹಣ್ಣ ಸಪ್ಪ ಆಗ್ತಾವ."

ನಾನು ತಲೆಯಾಡಿಸಿದೆ. ಒಂದು ವಾರಕ್ಕೆ ಕಾಲುವೆಯಲ್ಲಿ ನಮ್ಮ ಪಾಳಿ ಬಂತು. ಕಾಲುವೆ ನೀರಿನ ಆಸೆ ಅದಿಲ್ಲದ ಸೀಮೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮಳೆಯನ್ನೇ ನೋಡಿಕೊಂಡು ಬೆಳೆದ ನಮಗೆ ತೂಬಿನ ಬಾಯಿಗೆ ಬಂದು ನಿಂತ ನೀರನ್ನು ಬೇಡ ಎನ್ನುವುದು ಅನ್ನ ನೂಕಿದಷ್ಟೇ ಕಷ್ಟ. ನಾವು ಬಿಟ್ಟರೆ ಕೆಳಗಿನ ಹೊಲದವನು ತಿರುವಿಕೊಳ್ಳುತ್ತಾನೆ, ಮುಂದಿನ ಸಲ ಪಾಳಿ ಕೇಳಲು ಹೋದರೆ ಹೋದ ಸಲ ಬ್ಯಾಡಂದ್ರಲ್ಲ ಎನ್ನುತ್ತಾನೆ. ನನ್ನ ಗಂಡ ಹಿಂದೆಮುಂದೆ ನೋಡಿದರು. "ಆಯಿ ಬ್ಯಾಡ ಅಂದಾಳ" ಎಂದರು. ನನಗೆ ರೇಗಿಹೋಯಿತು. "ಹೊಲ ಆಯೀದೇನ್ರಿ? ಬಿಡ್ರಿ ನೀರ, ಕಾಯಿ ಇನ್ನಷ್ಟು ಉಬ್ಬತಾವ" ಎಂದವಳು ನಾನು. ಅವರು ನೀರು ಬಿಟ್ಟರು. ಮೂರನೆಯ ದಿನ ಆಯಿ ಬರುವ ಮುಂಚೆ ಸಾಲುಗಳ ಮೇಲೆ ಅವರ ಕೈಯಿಂದಲೇ ಒಣ ಮಣ್ಣು ಎಳೆಸಿದವಳೂ ನಾನೇ. ಅವಳ ಬಾಯಿಗೆ ಯಾಕೆ ಸಿಗಬೇಕು ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು.

ಆ ದಿನ ಆಯಿ ಹೊಲಕ್ಕೆ ಬಂದಾಗ ಸುಮ್ಕಿರ್ರಿ ಎನ್ನಲಿಲ್ಲ. ಎತ್ತಿನ ಗಂಟೆ ಸದ್ದು ಮಾಡುತ್ತಲೇ ಇತ್ತು. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರ್ ಓಡುತ್ತಿತ್ತು. ನನ್ನ ಬಳೆಗೆ ದಾರ ಬೇಕಾಗಲಿಲ್ಲ. ಅಂತೂ ಮುದುಕಿಗೆ ಬುದ್ಧಿ ಬಂತು ಎಂದು ನಾನು ಖುಷಿಪಟ್ಟೆ... ಎಂಥ ಖುಷಿ ಅದು. ಮೊದಲ ಸಾಲಿನ ನಡುವೆ ಅವಳು ಒಮ್ಮೆ ನಿಂತಳು. ಬರಿಗಾಲು. ನಿಂತು ನನ್ನ ಮುಖವನ್ನೇ ನೋಡಿದಳು. ನಾನು ಕೈಗಡಿಯಾರ ನೋಡಿಕೊಂಡೆ. ಅವಳು ಮತ್ತೆ ಕುಕ್ಕರಗಾಲಲ್ಲಿ ಕೂತು, ಎಡಗೈ ಕೆಳಗಿಟ್ಟು, ಹೊಡೆದು ನೋಡಿ ಬೊಟ್ಟು ಇಡುತ್ತ ಹೋದಳು. ಕಿವಿಯನ್ನು ಹಣ್ಣಿನ ಹತ್ತಿರ ತರಲೇ ಇಲ್ಲ. ಅದನ್ನೂ ನಾನು ಗಮನಿಸಲಿಲ್ಲ.

ಮರುದಿನ ಬೆಳಿಗ್ಗೆ ಬಾಗವಾನನ ಲಾರಿ ಬಂತು. ಹಿಂದಕ್ಕೆ ಸರಿಯುತ್ತ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. ಆಯಿ ಅದರ ಹಿಂದೆಯೇ ಬೆನ್ನು ಮಾಡಿ ನಿಂತಿದ್ದಳು, ಅಲುಗಾಡಲಿಲ್ಲ. ನನ್ನ ಗಂಡ ಓಡಿಹೋಗಿ ತೋಳು ಹಿಡಿದು ಎಳೆದರು. ಆಗ ನನಗೆ ಎಲ್ಲವೂ ಹೊಳೆಯಿತು. ಗೋಡೆಯಾಚೆಯ ಮೌನ, ಜೋರು ಮಾತು, ಗಂಟೆಗೆ ಚಿಂದಿ ಬೇಡವಾದದ್ದು. ಆಯಿಗೆ ಕಿವಿ ಹೋಗಿತ್ತು. ನನ್ನ ಗಂಡನೂ ನಾನೂ ಮುಖ ನೋಡಿಕೊಂಡೆವು.

ಏರಿಸುವಾಗ ಒಂದು ಹಣ್ಣು ಆಳಿನ ಕೈ ಜಾರಿ ಬಿದ್ದು ಒಡೆಯಿತು. ಒಳಗೆ ಪೇಲವ ಕೆಂಪು, ತುಂಬ ನೀರು. ಬಾಗವಾನ ಒಂದು ತುಂಡು ಬಾಯಿಗೆ ಹಾಕಿಕೊಂಡು ಉಗುಳಿದ. ಇನ್ನೊಂದನ್ನು ತಾನೇ ನೆಲಕ್ಕೆ ಕುಕ್ಕಿ ಒಡೆದ. ಅದೂ ಹಾಗೇ.

"ಏನ್ರಿ ಆಯಿ ಇದು? ಬರೀ ನೀರದ. ಬೊಟ್ಟು ನಿಮ್ದೇ ಹೌದಿಲ್ಲ?"

ಆಯಿ ಅವನ ತುಟಿಯನ್ನೇ ನೋಡುತ್ತಿದ್ದಳು. ಬಾಗವಾನ ಬಗ್ಗಿ ಸಾಲಿನ ಮಣ್ಣನ್ನು ಚಪ್ಪಲಿಯ ತುದಿಯಿಂದ ಕೆದಕಿದ. ಇನ್ನೊಂದು ಸಲ ಕೆದಕಿದ್ದರೆ ಕೆಳಗಿನ ಹಸಿ ಕಾಣುತ್ತಿತ್ತು. ಬುದ್ಧಿಗಿಂತ ಮುಂಚೆ ಬಾಯಿ ಓಡಿತು.

"ಅಕಿಗೇನ ಕೇಳ್ತೀರಿ? ಅಕಿಗಿ ಕಿವಿ ಕೇಳಂಗಿಲ್ಲ! ಏನೂ ಕೇಳಲಾರದ ಸುಮ್ಮ ಬಡದು ಬೊಟ್ಟು ಇಟ್ಟಾಳ! ನಮಗೂ ಮೋಸ ಮಾಡ್ಯಾಳ!"

ಹತ್ತು ಜನ ಆಳುಗಳು, ಡ್ರೈವರ್, ಪಕ್ಕದ ಹೊಲದವರು, ಎಲ್ಲರೂ ಅಲ್ಲಿದ್ದರು. ಆಯಿಗೆ ನನ್ನ ಮಾತು ಕೇಳಿಸಲಿಲ್ಲ. ಆದರೆ ಎಲ್ಲರೂ ತಿರುಗಿ ತನ್ನ ಕಿವಿಯನ್ನು ನೋಡಿದ್ದು ಕಾಣಿಸಿತು. ಕೈ ತಾನಾಗಿಯೇ ಸೆರಗನ್ನು ತಲೆಯ ಮೇಲಿಂದ ಕಿವಿಗೆ ಎಳೆದುಕೊಂಡಿತು. ಆಮೇಲೆ ಬಾಗವಾನನ ಹತ್ತಿರ ಹೋಗಿ, ಅವನ ಜೇಬನ್ನು ತೋರಿಸಿ, "ಚಾಕು ತಗಿ, ಕೊಯ್ದ ನೋಡಪಾ" ಎಂದಳು. ಅವನು ತಡೆದು ನಿಂತ. "ಕೊಯ್ಯಿ" ಎಂದು ಮತ್ತೆ ಹೇಳಿದಳು. ಅವನು ಒಂದೊಂದೇ ಹಣ್ಣಿಗೆ ಚಾಕು ಹಾಕುತ್ತ ಹೋದ, ಅವಳು ಕೊನೆಯದರವರೆಗೂ ನಿಂತು ನೋಡಿದಳು. ನನ್ನ ಗಂಡ ಏನೋ ಹೇಳಲು ಬಂದರು. ನಾನು ಕಣ್ಣಲ್ಲೇ ತಡೆದೆ.

ಅವತ್ತಿನಿಂದ ಆಯಿ ಯಾರ ಹೊಲಕ್ಕೂ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಒಂದು ವಾರ ತಡೆದುಕೊಂಡೆ. ಅನ್ನ ಸೇರಲಿಲ್ಲ. ಶಾಲೆಯ ಮಕ್ಕಳ ಮೇಲೆ ವಿನಾಕಾರಣ ರೇಗಿದೆ. ಕೊನೆಗೆ ಒಂದು ಮಧ್ಯಾಹ್ನ, ಹೋಗಿ ಹೇಳಿಬಿಡುತ್ತೇನೆ, ಬೈದರೆ ಬೈಯಲಿ ಎಂದು ಅವಳ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಳು. ಎದುರಿಗೆ ಕೂತೆ. "ಆಯಿ, ತಪ್ಪಾಗೇದ್ರಿ, ನೀರ ಬಿಟ್ಟಿದ್ವಿ" ಎಂದೆ. ಅವಳು ತಲೆ ಎತ್ತಿ "ಆಂ?" ಎಂದಳು. ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. "ಆಂ? ಜೋರ ಮಾತಾಡಬೇ" ಎಂದು ಕಿವಿಗೆ ಕೈ ಹಚ್ಚಿದಳು. ಎದುರು ಮನೆಯ ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಕೂತಿದ್ದರು. ಅವಳಿಗೆ ಕೇಳಬೇಕೆಂದರೆ ನಾನು ಓಣಿಗೆಲ್ಲ ಕೇಳುವಂತೆ ಕೂಗಬೇಕಿತ್ತು. ಅವಳ ಕಿವಿಯ ವಿಷಯ ಹೇಳುವಾಗ ಅಷ್ಟು ಜೋರಾಗಿ ಬಂದ ದನಿ ಈಗ ಏಳಲಿಲ್ಲ. ಶಾಲೆಯ ಪಾಟಿಯ ಮೇಲೆ ಬರೆದು ತೋರಿಸೋಣವೆಂದರೆ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಟೀಚರಾಗಿ ಪಕ್ಕದ ಮನೆಯಲ್ಲೇ ಇದ್ದು ನಾನೂ ಕಲಿಸಿರಲಿಲ್ಲ.

ಕೊನೆಗೆ ಅವಳೇ ಶುರುಮಾಡಿದಳು. ಅಂದು ಮಾತ್ರ ದನಿ ಮೆಲ್ಲಗಿತ್ತು. ತನ್ನ ದನಿ ತನಗೆ ಕೇಳದಿದ್ದರೂ ಎಷ್ಟು ಮೆಲ್ಲಗೆ ಮಾತಾಡಬೇಕೆಂದು ಹೇಗೆ ಗೊತ್ತಾಯಿತೋ...

"ನೀರ ಬಿಟ್ಟಿದ್ದು ನಂಗ ಗೊತ್ತಾಗಿತ್ತವ್ವ. ಕಾಲಿಗಿ ತಂಪ ಹತ್ತಿತ್ತು. ನೀ ಹೇಳ್ತಿ ಅಂತ ನಿನ್ನ ಮಾರಿ ನೋಡಿದೆ. ನೀ ಹೇಳಲಿಲ್ಲ."

ನಾನು ಕೈಸನ್ನೆಯಲ್ಲೇ, ಮತ್ತೆ ಯಾಕೆ ಬೊಟ್ಟು ಇಟ್ಟೆ ಎಂದು ಕೇಳಿದೆ.

"ಹಣ್ಣ ಆಗಿದ್ದು ಖರೇನ ಐತಿ. ಸಪ್ಪ ಆಗಿದ್ದು ನೀರಿಂದ. ಬಡದ್ರ ಹಣ್ಣ ತಿಳಿತೈತಿ, ಸಿಹಿ ತಿಳಿಯಂಗಿಲ್ಲ." ಎಡಗೈ ಮುಂದೆ ಚಾಚಿ ಅಂಗೈ ತೋರಿಸಿದಳು. "ಕಿವಿ ಮಂದ ಆಗಿ ಎರಡ ವರ್ಷ ಆತು, ಈ ವರ್ಷ ಪೂರಾ ಹೋತು. ಹೋದ ಬ್ಯಾಸಗಿ ನಿಮ್ಮ ಹೊಲ ಪೂರಾ ಇದರಲೇ ನೋಡಿನಿ. ಮ್ಯಾಲ ಹೊಡದ್ರ ತೆಳಗ ಅದುರತೈತಿ. ನಿಮಗ ಸುಮ್ಕಿರ್ರಿ ಅಂತಿದ್ದಿದ್ದು ಬರೇ ನಾಟಕ, ಯಾರಿಗೂ ಗೊತ್ತಾಗಬಾರ್ದು ಅಂತ. ಈ ವರ್ಷ ಅದೂ ಬ್ಯಾಸರಾತು."

ಹೋದ ಬೇಸಿಗೆ ನನ್ನ ಒಂದು ಸೀನಿಗೆ ಸಾಲು ಮತ್ತೆ ಶುರುಮಾಡಿದ್ದಳು. ಕೇಳಿಸಿರಲಿಲ್ಲ, ನೋಡಿದ್ದಳು ಅಷ್ಟೇ. ಆ ವರ್ಷದ ಹಣ್ಣಿನಲ್ಲಿ ಒಂದೂ ತಪ್ಪಿರಲಿಲ್ಲ. ಬಾಗವಾನನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಲು ನನಗೆ ಸನ್ನೆಯೂ ತೋಚಲಿಲ್ಲ. ಅವಳಿಗೆ ತಿಳಿಯಿತು.

"ನಾ ಹೇಳಿದ್ರ ಅಂವ ನಿಮ್ಮ ಹೊಲಕ್ಕ ಮತ್ತ ಕಾಲ ಇಡ್ತಿದ್ದಿಲ್ಲ. ಸಣ್ಣ ಕೂಸಿನ ಮನಿ. ನಾನೂ ಬಾಯಿ ಬಿಡಬೇಕಿತ್ತು ಬೊಟ್ಟು ಇಡೂ ಮೊದ್ಲ. ತಪ್ಪ ನಂದೂ ಐತಿ." ಶೇಂಗಾದ ಸಿಪ್ಪೆಯನ್ನು ಮೊರದಿಂದ ಊದಿದಳು. "ಆದ್ರ ನಾಲ್ಕ ಮಂದ್ಯಾಗ ಹಂಗ ಅನಬಾರ್ದಿತ್ತು, ಅಕ್ಕೋರ."

ಅವಳು ಮತ್ತೆಂದೂ ನನ್ನನ್ನು ಯವ್ವಾ ಎನ್ನಲಿಲ್ಲ. ಜಗಳವೂ ಆಡಲಿಲ್ಲ, ತಲೆಯೂ ತಿನ್ನಲಿಲ್ಲ. ಮೊಸರು ಕೇಳಿದರೆ ಕೊಟ್ಟಳು, ಮಗಳನ್ನು ಆಡಿಸಿದಳು. ನಾನು ಬೇಕೆಂದೇ ಎದುರಿಗೆ ಕೂತು ಹಣ್ಣಿಗೆ ಉಗುರು ಚುಚ್ಚಿದೆ, ಈಗಲಾದರೂ ಕೈ ಮೇಲೆ ಬಾರಿಸಲಿ ಎಂದು. ಅವಳು ನೋಡಿ ಸುಮ್ಮನಿದ್ದಳು. ಬಾಗವಾನ ಮುಂದಿನ ಬೇಸಿಗೆಯಿಂದ ನಮ್ಮ ಊರಿನ ಎಲ್ಲ ಹೊಲಗಳಲ್ಲೂ ಚಾಕು ತೆಗೆದ. ನಾವು ಒಂದು ವರ್ಷ ಬಿಟ್ಟು ಭತ್ತಕ್ಕೆ ತಿರುಗಿದೆವು. ಆಮೇಲೆ ನನಗೆ ಯಾದಗಿರಿಗೆ ವರ್ಗವಾಯಿತು. ಆಯಿ ತೀರಿಹೋದ ಸುದ್ದಿ ಬಂದಾಗ ಪರೀಕ್ಷೆಯ ಹೊತ್ತು, ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ರಜೆ ಕೇಳಿರಲೇ ಇಲ್ಲ... ಆ ಓಣಿಯಲ್ಲಿ ಯಾವ ಮುಖ ಹೊತ್ತು ನಿಲ್ಲುವುದು?

ಇವತ್ತು ಕೆಟ್ಟ ಹಣ್ಣನ್ನು ಹೊರಗೆ ಹಾಕಿ ಬಂದು, ಕಟ್ಟೆ ತೊಳೆದು, ಬಂಡಿಯವನನ್ನು ಮನಸಾರೆ ಬೈದುಕೊಂಡೆ. ಆಮೇಲೆ ನಗು ಬಂತು, ಅದು ನಗುವೂ ಆಗಿರಲಿಲ್ಲ. ಆ ಮನುಷ್ಯನಿಗೆ ಏನು ಗೊತ್ತು? ಕೊಯ್ಯದೆ ಹೇಗೆ ಎಂದು ಕೇಳಿದ, ಅಷ್ಟೇ. ನಮ್ಮ ಊರಿನ ಹಣ್ಣಿಗೆ ಮೊದಲ ಚಾಕು ಹಾಕಿಸಿದವಳನ್ನೇ ಕೇಳಿದ. ನನ್ನ ಗಂಡ ತೀರಿಕೊಂಡು ಆರು ವರ್ಷವಾಯಿತು. ನೀರು ಬಿಟ್ಟ ವಿಷಯ ಗೊತ್ತಿದ್ದವರು ಈಗ ಯಾರೂ ಉಳಿದಿಲ್ಲ. ಅದಕ್ಕೇ ಕೂತು ಬರೆದೆ. ಬರೆಯುವುದಕ್ಕೆ ಕೂಗಬೇಕಾಗಿಲ್ಲ. ಆದರೆ ಆಯಿಗೆ ಓದಲು ಬರುತ್ತಿರಲಿಲ್ಲ.